ಹತ್ತೊಂಬತ್ತು ಜೊತೆಗಾರರು

2024ರ ಜನವರಿ 27ರ ಶನಿವಾರ ರಾತ್ರಿ ಮೆಲ್ಬರ್ನಿನ ರಾಡ್ ಲೇವರ್ ಅರೀನಾದಲ್ಲಿ ಮಹಿಳೆಯರ ಸಿಂಗಲ್ಸ್ ಫೈನಲ್ ಬೇಗನೆ ಮುಗಿಯಿತು. ಸಬಲೆಂಕಾ ಒಂದೂಕಾಲು ಗಂಟೆಯಲ್ಲಿ ಝೆಂಗ್ ಚಿನ್‌ವೆನ್ ಅವರನ್ನು ಸೋಲಿಸಿ ಕಪ್ ಎತ್ತಿದರು. ಭಾಷಣಗಳಾದವು, ಫೋಟೊ ತೆಗೆದದ್ದಾಯಿತು. ಆಮೇಲೆ ಪುರುಷರ ಡಬಲ್ಸ್ ಫೈನಲ್. ದೊಡ್ಡ ಟೂರ್ನಿಗಳಲ್ಲಿ ಡಬಲ್ಸಿಗೆ ಸಿಗುವ ಜಾಗವೇ ಅದು, ಮದುವೆ ಮನೆಯ ಕೊನೆಯ ಪಂಕ್ತಿ. ಬಡಿಸುವವರಿಗೂ ಸುಸ್ತು, ಉಣ್ಣುವವರಲ್ಲಿ ಅರ್ಧ ಜನ ಆಗಲೇ ಚಪ್ಪಲಿ ಹುಡುಕುತ್ತಿರುತ್ತಾರೆ.

ಭಾರತದಲ್ಲಿ ಆಗ ಶನಿವಾರದ ಮಧ್ಯಾಹ್ನ ಇಳಿಯುವ ಹೊತ್ತು. ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂದ್ರೆಯಾ ವಾವಸ್ಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿದರು. ಮೊದಲ ಸೆಟ್ಟಿನ ಟೈಬ್ರೇಕಿನಲ್ಲಿ ಇಟಲಿಯವರಿಗೆ ಒಂದು ಪಾಯಿಂಟೂ ದಕ್ಕಲಿಲ್ಲ. ಮರುದಿನದ ಪತ್ರಿಕೆಗಳೆಲ್ಲ ಒಂದೇ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿದವು: 43. ಮುಕ್ತ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಂ ಗೆದ್ದ ಅತಿ ಹಿರಿಯ ಆಟಗಾರ. ಮೊದಲ ಸಲ ವಿಶ್ವದ ನಂಬರ್ 1 ಆದ ಅತಿ ಹಿರಿಯ ಪುರುಷ. ವಯಸ್ಸು ಬರೀ ಸಂಖ್ಯೆ ಎಂಬ ಮಾತನ್ನು ಆ ವಾರ ಎಷ್ಟು ಜನ ಬರೆದರೋ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಷ್ಟು ಸಲ ಸುತ್ತಿತೋ, ಲೆಕ್ಕವಿಲ್ಲ.

ಆ ವರದಿಗಳ ಕೆಳಗೆಲ್ಲೋ ಇನ್ನೊಂದು ಸಂಖ್ಯೆಯಿತ್ತು. ಅದನ್ನು ಯಾರೂ ದಪ್ಪಕ್ಷರದಲ್ಲಿ ಹಾಕಲಿಲ್ಲ. ಇದು ಬೋಪಣ್ಣ ಆಡಿದ 61ನೇ ಗ್ರ್ಯಾನ್‌ಸ್ಲಾಂ ಪುರುಷರ ಡಬಲ್ಸ್. ಅಷ್ಟರಲ್ಲಿ ಅವರು ಆಡಿದ್ದು 19 ಜೊತೆಗಾರರ ಸಂಗಡ. ವಯಸ್ಸು ಎಲ್ಲರಿಗೂ ಆಗುತ್ತದೆ, ಅದಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಆದರೆ ಹತ್ತೊಂಬತ್ತು ಸಲ ಹೊಸಬರೊಬ್ಬರ ಪಕ್ಕದಲ್ಲಿ ನಿಂತು, ಅವರ ಕಾಲ ನಡಿಗೆ, ಸಿಟ್ಟು, ಸರ್ವ್ ಎಸೆತ, ಸೋತಾಗಿನ ಮೌನ ಎಲ್ಲವನ್ನೂ ಮೊದಲಿಂದ ಕಲಿಯುವುದಿದೆಯಲ್ಲ, ಆ ಕತೆ ಬೇರೆಯೇ.

ಕನ್ನಡದಲ್ಲಿ ‘ಜೊತೆ’ ಎಂಬ ಪದ ಎರಡು ಕೆಲಸ ಮಾಡುತ್ತದೆ. ‘ಒಂದು ಜೊತೆ ಚಪ್ಪಲಿ’ ಎಂದಾಗ ಅದು ನಾಮಪದ, ಎರಡು ಸೇರಿ ಒಂದಾದ ವಸ್ತು. ‘ಅವನ ಜೊತೆ ಹೋದೆ’ ಎಂದಾಗ ಅದೇ ಪದ ಬರೀ ಸಂಬಂಧ ತೋರಿಸುವ ಕೊಂಡಿ. ಚಪ್ಪಲಿಯ ಜೊತೆಯಲ್ಲಿ ಒಂದು ಹೋದರೆ ಇನ್ನೊಂದಕ್ಕೆ ಬೆಲೆಯಿಲ್ಲ. ‘ಅವನ ಜೊತೆ’ಯಲ್ಲಿ ಹಾಗಲ್ಲ. ನಾಳೆ ಇನ್ನೊಬ್ಬನ ಜೊತೆ ಹೋಗಬಹುದು. ಸಂಸ್ಕೃತದಲ್ಲಿ ಇಬ್ಬರಿಗೆಂದೇ ದ್ವಿವಚನವಿದೆ, ಅಶ್ವಿನಿ ದೇವತೆಗಳಂಥವರಿಗೆ ಅದು ಹೇಳಿ ಮಾಡಿಸಿದ್ದು. ಆಡುಗನ್ನಡಕ್ಕೆ ಆ ಸೌಕರ್ಯವಿಲ್ಲ. ಒಬ್ಬನಿದ್ದರೆ ಏಕವಚನ, ಇಬ್ಬರಾದರೆ ಅವರೂ ಜನಜಂಗುಳಿಯ ಬಹುವಚನಕ್ಕೇ ಸೇರಬೇಕು.

ಟೆನಿಸ್ ಡಬಲ್ಸಿನಲ್ಲಿ ಈ ಎರಡೂ ಬಗೆಯ ಜೊತೆಗಳಿವೆ. ಅಮೆರಿಕದ ಬ್ರಯಾನ್ ಸಹೋದರರು ಚಪ್ಪಲಿಯ ಹಾಗಿನ ಜೊತೆ. ಅವಳಿಗಳು, ಬಾಬ್ ಎಡಗೈ, ಮೈಕ್ ಬಲಗೈ. ಇಬ್ಬರೂ ಸೇರಿ ಗೆದ್ದ ಗ್ರ್ಯಾನ್‌ಸ್ಲಾಂಗಳು 16. ಹುಟ್ಟುವಾಗಲೇ ಜೋಡಿ ಸಿಕ್ಕಿದ ಅದೃಷ್ಟ ಅದು. ಉಳಿದವರೆಲ್ಲ ಹುಡುಕಿಕೊಳ್ಳಬೇಕು.

ಹುಡುಕುವುದೂ ಸಲೀಸಲ್ಲ. ಡಬಲ್ಸ್ ಆಡುವುದು ಇಬ್ಬರಾದರೂ ರ‍್ಯಾಂಕಿಂಗ್ ಒಬ್ಬೊಬ್ಬರಿಗೆ ಬೇರೆ. ಟೂರ್ನಿಯಲ್ಲಿ ಪ್ರವೇಶ ಸಿಗಬೇಕಾದರೆ ಇಬ್ಬರ ರ‍್ಯಾಂಕಿಂಗ್ ಕೂಡಿಸಿ ನೋಡುತ್ತಾರೆ, ಕೂಡಿದ ಸಂಖ್ಯೆ ಚಿಕ್ಕದಿರಬೇಕು. ಹಾಗಾಗಿ ವರ್ಷದ ಕೊನೆಗೆ ಆಟಗಾರರ ನಡುವೆ ಒಂದು ಸಂಬಂಧ ನೋಡುವ ಕಾಲ ಶುರುವಾಗುತ್ತದೆ. ಇವನ ಸರ್ವ್ ಚೆನ್ನಾಗಿದೆ, ಆದರೆ ಇಬ್ಬರೂ ಒಂದೇ ಕಡೆಯಿಂದ ರಿಟರ್ನ್ ಆಡುವವರಾದರೆ ಹೇಗೆ? ಅವನ ರ‍್ಯಾಂಕಿಂಗ್ ಒಳ್ಳೆಯದೇ, ಆದರೆ ಮಣಿಕಟ್ಟಿನ ನೋವು ವಾಸಿಯಾಗಿದೆಯೋ ಇಲ್ಲವೋ. ಎತ್ತು ಕೊಳ್ಳುವ ರೈತ ನೋಡುವುದೂ ಇದನ್ನೇ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಗದ್ದೆ ನೆಟ್ಟಗೆ ಉಳುವುದಿಲ್ಲ. ಯಾರೋ ಒಬ್ಬನಿಗೆ ಇನ್ನೂ ಒಳ್ಳೆಯ ಸಂಬಂಧ ಕುದುರಿದರೆ, ‘ಬೇಸರ ಮಾಡ್ಕೋಬೇಡ’ ಎಂಬರ್ಥದ ಒಂದು ಮೆಸೇಜು. ಅಲ್ಲಿಗೆ ಮುಗಿಯಿತು.

ಕೋರ್ಟಿನ ಲೆಕ್ಕವೂ ಬೇರೆ. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ. ಡಬಲ್ಸಿಗೆ ಎರಡೂ ಬದಿಗೆ ನಾಲ್ಕೂವರೆ ಅಡಿ ಸೇರಿ 36. ಜಾಗ ಮೂರರಲ್ಲೊಂದು ಪಾಲು ಹೆಚ್ಚುತ್ತದೆ, ಆಟಗಾರರು ಎರಡರಷ್ಟಾಗುತ್ತಾರೆ. ಹಾಗಾಗಿ ಓಟ ಕಡಿಮೆ, ಚುರುಕು ಜಾಸ್ತಿ ಬೇಕು. ಒಬ್ಬ ಸರ್ವ್ ಮಾಡುವಾಗ ಇನ್ನೊಬ್ಬ ನೆಟ್ಟಿನ ಬಳಿ ಬೆನ್ನ ಹಿಂದೆ ಬೆರಳು ತೋರಿಸುತ್ತಾನೆ. ಆ ಬೆರಳು ಹೇಳುವುದು ಎರಡು ಮಾತು: ಚೆಂಡು ಎತ್ತ ಹಾಕು, ನಾನು ಎತ್ತ ಹಾರುತ್ತೇನೆ. ಕೆಲವೊಮ್ಮೆ ಅವನು ನಡುಗೆರೆಯ ಮೇಲೆ ಕಪ್ಪೆಯ ಹಾಗೆ ಕುಕ್ಕರುಗಾಲಲ್ಲಿ ಕೂರುತ್ತಾನೆ, ಜೊತೆಗಾರನ ಸರ್ವ್ ಅವನ ತಲೆಯ ಮೇಲೆಯೇ ಸೀಳಿಕೊಂಡು ಹೋಗುತ್ತದೆ. ಹಿಂದೆ ತಿರುಗಿ ನೋಡುವ ಹಾಗಿಲ್ಲ. ಗಂಟೆಗೆ ಇನ್ನೂರು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಬರುವ ಚೆಂಡು ತನ್ನ ಬುರುಡೆಗೆ ಬಡಿಯುವುದಿಲ್ಲ ಎಂದು ನಂಬಬೇಕು. ಡಬಲ್ಸಿನಲ್ಲಿ ನಂಬಿಕೆ ಎನ್ನುವುದು ದೊಡ್ಡ ಮಾತಲ್ಲ. ಅದು ಬೆನ್ನು ತಿರುಗಿಸಿ ಕೂರುವ ಒಂದು ಭಂಗಿ, ಅಷ್ಟೇ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡರೂ ಜೋಡಿಯನ್ನು ಕೆಡಿಸುವುದು ಸರಿಯಾಗಿ ಇಬ್ಬರ ನಡುವೆ ಬರುವ ಚೆಂಡು. ಕಷ್ಟದ ಚೆಂಡೇನಲ್ಲ, ಯಾರಾದರೂ ಆಡಬಹುದು. ಅದೇ ತೊಂದರೆ. ಪುಣೆಯ ಕೋಥ್ರೂಡ್ ಕಡೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರು ಕನ್ನಡಿಗರು ಜೋಡಿಯಾಗಿ ಆಡುತ್ತಿದ್ದರು. ಒಬ್ಬರು ಧಾರವಾಡದವರು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಇನ್ನೊಬ್ಬರು ಮಂಗಳೂರು ಕಡೆಯ ಡಾಕ್ಟರು. ಹನ್ನೊಂದು ವರ್ಷ ಆಡಿದರೂ ವಾರಕ್ಕೊಮ್ಮೆ ಈ ಮಾತು ತಪ್ಪಿದ್ದಿಲ್ಲ.

“ಅಲ್ರೀ ಡಾಕ್ಟರ, ಅದು ನಿಮ್ಮ ಬಾಲ್ ಇತ್ತಲ್ರೀ!”

“ನಿಮ್ಮದು ಅಂತಲೇ ನಾನು ಬಿಟ್ಟದ್ದು ಮಾರಾಯ್ರೇ.”

ವೃತ್ತಿಪರರು ಇಷ್ಟು ಮಾತಾಡುವುದಿಲ್ಲ. ಪಾಯಿಂಟ್ ಗೆದ್ದರೂ ಸೋತರೂ ಹತ್ತಿರ ಬಂದು ಕೈಗೆ ಕೈ ತಾಗಿಸುತ್ತಾರೆ. ಟಿವಿಯಲ್ಲಿ ನೋಡುವವರಿಗೆ ಅದು ಶಾಸ್ತ್ರದಂತೆ ಕಾಣುತ್ತದೆ. ಡಬಲ್ ಫಾಲ್ಟ್ ಮಾಡಿದವನ ಕೈಯನ್ನು ಮುಟ್ಟುವುದು ಆ ಶಾಸ್ತ್ರ ಇರುವುದರಿಂದಲೇ ಸುಲಭವಾಗುತ್ತದೆ ಎಂಬುದು ಆಡಿದವರಿಗೆ ಗೊತ್ತು.

ಬೋಪಣ್ಣ ಈ ದಾರಿಗೆ ಬಂದದ್ದು ಮೊದಲಿನಿಂದ ಬಯಸಿಯೇನಲ್ಲ. ಹುಟ್ಟಿದ್ದು 1980ರಲ್ಲಿ ಬೆಂಗಳೂರಿನಲ್ಲಿ, ಬೆಳೆದದ್ದು ಕೊಡಗಿನಲ್ಲಿ. ಮಾಚಂಡ ಮನೆತನ, ತಂದೆ ಕಾಫಿ ಬೆಳೆಗಾರರು. ಕೊಡಗಿನಲ್ಲಿ ಮಗು ನಡೆಯಲು ಕಲಿತ ಕೂಡಲೇ ಕೈಗೆ ಹಾಕಿ ಕೋಲು ಬರುತ್ತದೆ ಎಂದು ತಮಾಷೆಗೆ ಹೇಳುವುದುಂಟು. ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಆಡುವ ಹಾಕಿ ಹಬ್ಬದ ನಾಡು ಅದು. ಅಂಥ ಊರಿನ ಹುಡುಗ ಒಬ್ಬನೇ ನಿಂತು ಆಡುವ ಟೆನಿಸ್ ಹಿಡಿದ. ಹದಿಹರೆಯದಲ್ಲಿ ಪುಣೆಗೆ ಬಂದು ನಂದನ್ ಬಾಳ್ ಅವರ ಅಕಾಡೆಮಿ ಸೇರಿದ. ಮನೆ ಬಿಟ್ಟು ಮರಾಠಿ ಊರಿನಲ್ಲಿ ನೆಲೆ ಹುಡುಕಿದ ಕನ್ನಡದ ಹುಡುಗರ ಸಾಲಿನಲ್ಲಿ ಇವನೂ ಒಬ್ಬ.

ಹೆಸರಿನ ಬಗ್ಗೆ ಒಂದು ಮಾತು. ವಿದೇಶಿ ಅಂಪೈರುಗಳ ಬಾಯಲ್ಲಿ ಅದು ‘ಬೊಪಾನಾ’ ಆಗುತ್ತಿತ್ತು. ಹೆಸರಿನ ಕೊನೆಗಿರುವ ‘ಅಣ್ಣ’ ಅವರಿಗೆ ಕೇಳಿಸುವುದಾದರೂ ಹೇಗೆ? ಕಡೆಯ ವರ್ಷಗಳಲ್ಲಿ ನೆಟ್ಟಿನಾಚೆ ಅರ್ಧ ವಯಸ್ಸಿನ ಹುಡುಗರು ನಿಂತಿರುವಾಗ ಅಂಪೈರ್ ‘ಅಣ್ಣ’ನನ್ನು ನುಂಗಿ ಸ್ಕೋರ್ ಹೇಳುವುದು ಕನ್ನಡ ಕಿವಿಗೆ ಒಂದಿಷ್ಟು ನಗೆ ತರಿಸುತ್ತಿತ್ತು.

ಸಿಂಗಲ್ಸಿನಲ್ಲಿ ಅವರು ಏರಿದ ಅತಿ ಎತ್ತರದ ರ‍್ಯಾಂಕಿಂಗ್ 213, 2007ರಲ್ಲಿ. ಜೋರಾದ ಸರ್ವ್ ಇತ್ತು, ಹೊಡೆತಗಳಿದ್ದವು, ಆದರೆ ಆ ಸಂಖ್ಯೆಯಲ್ಲಿ ಗ್ರ್ಯಾನ್‌ಸ್ಲಾಂನ ಮುಖ್ಯ ಸುತ್ತಿಗೆ ನೇರ ಬಾಗಿಲಿಲ್ಲ. ಡಬಲ್ಸಿಗೆ ಬರುವವರ ಕತೆ ಬಹುಮಟ್ಟಿಗೆ ಹೀಗೆಯೇ. ಒಂದು ಕನಸು ನಿಧಾನವಾಗಿ ಮುಚ್ಚಿಕೊಳ್ಳುವಾಗ ಪಕ್ಕದಲ್ಲಿ ಸಣ್ಣದೊಂದು ಬಾಗಿಲು ತೆರೆದಿರುತ್ತದೆ. ಕೆಲವರು ಅದರಲ್ಲಿ ತಲೆ ತಗ್ಗಿಸಿ ಹೋಗುತ್ತಾರೆ, ಬಗ್ಗಿದ್ದನ್ನು ಕೊನೆಯವರೆಗೂ ಮರೆಯುವುದಿಲ್ಲ. ಬೋಪಣ್ಣ ಹೋದ ಮೇಲೆ ಅಲ್ಲಿಯೇ ಮನೆ ಕಟ್ಟಿದರು.

ಮೊದಲು ಜಗತ್ತು ಗಮನಿಸಿದ ಅವರ ಜೊತೆಗಾರ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. 2010ರಲ್ಲಿ ಇಬ್ಬರೂ ಯುಎಸ್ ಓಪನ್ ಫೈನಲ್ ತಲುಪಿದಾಗ ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಪ್ರೇಕ್ಷಕರ ಸಾಲಿನಲ್ಲಿ ಒಟ್ಟಿಗೆ ಕುಳಿತಿದ್ದರು. ಎದುರಿಗೆ ಅದೇ ಬ್ರಯಾನ್ ಅವಳಿಗಳು. 7-6, 7-6. ಎರಡೂ ಸೆಟ್ ಟೈಬ್ರೇಕಿನಲ್ಲಿ ಕೈ ಜಾರಿತು. ‘ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ’ ಎಂಬ ಅವರ ಘೋಷಣೆ ಎರಡು ದೇಶಗಳ ಸಂಬಂಧವನ್ನೇನೂ ಬದಲಿಸಲಿಲ್ಲ. ಆ ಜೋಡಿಯ ಬಗ್ಗೆ ಬರೆದವರು ಆಟಕ್ಕಿಂತ ಪಾಸ್‌ಪೋರ್ಟ್ ಬಗ್ಗೆಯೇ ಹೆಚ್ಚು ಬರೆದರು. ಅವರಿಬ್ಬರು ಮರುವರ್ಷ ಪ್ಯಾರಿಸ್ ಮಾಸ್ಟರ್ಸ್ ಗೆದ್ದದ್ದು ಈಗ ಎಷ್ಟು ಜನರಿಗೆ ನೆನಪಿದೆ?

ಆ ಫೈನಲ್ ಸೋತ ಮುಂದಿನ ವಾರವೇ ಬೋಪಣ್ಣ ಚೆನ್ನೈಯಲ್ಲಿದ್ದರು, ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ನುಂಗಂಬಾಕ್ಕಂ ಸ್ಟೇಡಿಯಂನಲ್ಲಿ ಭಾರತ ಮೊದಲ ದಿನ 0-2ರಿಂದ ಹಿಂದೆ ಬಿದ್ದಿತ್ತು. ಕೊನೆಗೆ 2-2 ಆಗಿ, ನಿರ್ಣಾಯಕ ಸಿಂಗಲ್ಸ್ ಬೋಪಣ್ಣನ ಪಾಲಿಗೆ ಬಂತು. ರಿಕಾರ್ಡೊ ಮೆಲ್ಲೊ ವಿರುದ್ಧ ಗೆದ್ದರು. ಚೆನ್ನೈಯಲ್ಲಿರುವ ಹಳೆಯ ಕನ್ನಡಿಗರಲ್ಲಿ ಆ ದಿನ ಸ್ಟೇಡಿಯಂನಲ್ಲಿದ್ದವರು ಇದ್ದರೆ, ಡಬಲ್ಸಿನವನೆಂದು ಹೆಸರಾದ ಮನುಷ್ಯ ದೇಶದ ಪರವಾಗಿ ಸಿಂಗಲ್ಸ್ ಗೆದ್ದುಕೊಟ್ಟ ಆ ಸಂಜೆಯನ್ನು ಮರೆತಿರಲಾರರು.

2012ರ ಒಲಿಂಪಿಕ್ಸ್ ಮುಂಚಿನ ರಾಮಾಯಣವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಪೇಸ್ ಮತ್ತು ಭೂಪತಿ ಒಟ್ಟಿಗೆ ಆಡಬೇಕೆಂದು ಸಂಘ ಬಯಸಿತು, ಭೂಪತಿ ಒಪ್ಪಲಿಲ್ಲ. ಬೋಪಣ್ಣನನ್ನು ಪೇಸ್ ಜೊತೆ ಕೇಳಿದರು, ಅವರೂ ಒಪ್ಪಲಿಲ್ಲ. ಕೊನೆಗೆ ಎರಡು ತಂಡ ಹೋಯಿತು. ಭೂಪತಿ–ಬೋಪಣ್ಣ ಎರಡನೇ ಸುತ್ತಿನಲ್ಲೇ ಸೋತರು. ಆಗ ಯಾರ ಪರ ನಿಂತವರೂ ಇಷ್ಟನ್ನು ಒಪ್ಪಿಯಾರು: ದೇಶದ ಹೆಸರಿನಲ್ಲಿ ಇಬ್ಬರನ್ನು ಪಕ್ಕ ಪಕ್ಕ ನಿಲ್ಲಿಸಬಹುದು, ನಡುವೆ ಬಂದ ಚೆಂಡನ್ನು ಯಾರು ಆಡಬೇಕೆಂದು ಆದೇಶ ಹೊರಡಿಸಲಾಗದು. ಅದೇ ಪೇಸ್, ಅದೇ ಬೋಪಣ್ಣ 2014ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ ಸೆರ್ಬಿಯಾ ಜೋಡಿಯ ವಿರುದ್ಧ ಎರಡು ಸೆಟ್ ಹಿಂದಿದ್ದು ಐದನೇ ಸೆಟ್ಟನ್ನು 8-6ರಿಂದ ಗೆದ್ದರು. ಸ್ನೇಹವಿಲ್ಲದೆಯೂ ಆಡಬಹುದು ಎಂದಾಯಿತು. ಈ ಆಟದ ಬಗ್ಗೆ ಏನಾದರೊಂದು ನಿಯಮ ಮಾಡಹೊರಟರೆ ಹೀಗೆ ಯಾವುದೋ ಒಂದು ಮಧ್ಯಾಹ್ನ ಬಂದು ಅದನ್ನು ಕೆಡಿಸುತ್ತದೆ.

ಜೊತೆಗಾರರು ಬಂದರು, ಹೋದರು. ಫ್ರಾನ್ಸಿನ ಎದುವಾರ್ ರೋಜೆ ವಾಸಲೀನ್ ಜೊತೆ 2013ರಲ್ಲಿ ವಿಂಬಲ್ಡನ್ ಸೆಮಿಫೈನಲ್. ರೊಮೇನಿಯಾದ ಫ್ಲೋರಿನ್ ಮೆರ್ಜಿಯಾ ಜೊತೆ 2015ರಲ್ಲಿ ಮತ್ತೆ ವಿಂಬಲ್ಡನ್ ಸೆಮಿಫೈನಲ್. ಉರುಗ್ವೆಯ ಪಾಬ್ಲೊ ಕ್ವೇವಾಸ್ ಜೊತೆ ಮಾಂಟೆ ಕಾರ್ಲೊ ಪ್ರಶಸ್ತಿ. ಕೆನಡಾದ ಡೆನಿಸ್ ಶಪೊವಲೊವ್ ಜೊತೆಯಾದಾಗ ಆ ಹುಡುಗನಿಗೆ ಇಪ್ಪತ್ತು, ಇವರಿಗೆ ಮೂವತ್ತೊಂಬತ್ತು. ನಡುವೆ 2017ರ ಫ್ರೆಂಚ್ ಓಪನ್‌ನಲ್ಲಿ ಗೇಬ್ರಿಯೆಲಾ ದಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಗೆದ್ದರು, ಫೈನಲ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು. ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಂ ಮಾತ್ರ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಆಮೇಲೆ ಮೊಣಕಾಲು. ಎರಡೂ ಮಂಡಿಗಳಲ್ಲಿ ಮೃದ್ವಸ್ಥಿ ಸವೆದು ಹೋಗಿತ್ತು. ನೋವಿನ ಮಾತ್ರೆ, ಇಂಜೆಕ್ಷನ್. ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲಿದ್ದಾಗ ಅಯ್ಯಂಗಾರ್ ಯೋಗ ಶುರು ಮಾಡಿದರು, ಕಾಲಿನ ಸ್ನಾಯುಗಳು ಗಟ್ಟಿಯಾಗಿ ಮಂಡಿಯ ಮೇಲಿನ ಭಾರ ಕಡಿಮೆಯಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಪುಣೆಗೆ ಹೋಗಿ ನೆಲೆಸಿ, ಅಲ್ಲಿಂದ ಜಗತ್ತಿಗೆ ಹಬ್ಬಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗ ಅದು. ಕೊಡಗಿನಿಂದ ಪುಣೆಗೆ ಹೋಗಿ ಆಟ ಕಲಿತವನ ಮಂಡಿಗೆ ಅದು ಒದಗಿ ಬಂತು.

2021ರ ಮೊದಲ ತಿಂಗಳುಗಳಲ್ಲಿ ಒಂದು ಪಂದ್ಯವೂ ಗೆಲ್ಲಲಾಗಲಿಲ್ಲ. ಐದು ತಿಂಗಳು ಬರೀ ಸೋಲು. ಹೆಂಡತಿಗೆ ವಿಡಿಯೊ ಮೆಸೇಜ್ ಕಳಿಸಿ, ಸಾಕು, ನಿಲ್ಲಿಸಿಬಿಡುತ್ತೇನೆ ಎಂಬರ್ಥದಲ್ಲಿ ಹೇಳಿದ್ದರಂತೆ. ಮೆಲ್ಬರ್ನಿನಲ್ಲಿ ಕಪ್ ಹಿಡಿದುಕೊಂಡು ಅವರೇ ಹೇಳಿದ ಮಾತಿದು. ಎಲ್ಲರೂ ಸೋಲುತ್ತಾರೆ. ಆದರೆ ಸಿಂಗಲ್ಸ್ ಆಟಗಾರ ಸೋತರೆ ಸೋತದ್ದು ಅವನೊಬ್ಬ. ಡಬಲ್ಸಿನಲ್ಲಿ ಸೋಲುವವನು ಪಕ್ಕದವನ ರ‍್ಯಾಂಕಿಂಗನ್ನೂ ಇಳಿಸುತ್ತಿರುತ್ತಾನೆ, ಮತ್ತು ಪಕ್ಕದವನು ಅದನ್ನು ಲೆಕ್ಕ ಇಡುತ್ತಿದ್ದಾನೆ ಎಂಬುದು ಇವನಿಗೆ ಗೊತ್ತಿರುತ್ತದೆ. ನಲವತ್ತೊಂದರ ವಯಸ್ಸಿನಲ್ಲಿ, ಸವೆದ ಮಂಡಿಯಲ್ಲಿ, ‘ನನ್ನ ಜೊತೆ ಆಡುತ್ತೀಯಾ’ ಎಂದು ಇನ್ನೊಬ್ಬನನ್ನು ಕೇಳಲು ಮುಖ ಬೇಕು.

ಆದರೂ ಕೇಳಿದರು. ನೆದರ್ಲೆಂಡ್ಸಿನ ಮಟ್ವೆ ಮಿಡಲ್‌ಕೂಪ್ ಜೊತೆ 2022ರಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್. 2023ರಿಂದ ಎಬ್ಡನ್.

ಎಬ್ಡನ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಬೋಪಣ್ಣಗಿಂತ ಏಳು ವರ್ಷ ಚಿಕ್ಕವರು. 2022ರ ವಿಂಬಲ್ಡನ್ ಡಬಲ್ಸನ್ನು ಇನ್ನೊಬ್ಬ ಆಸ್ಟ್ರೇಲಿಯನ್ ಜೊತೆ ಗೆದ್ದಿದ್ದರು. ಇಬ್ಬರೂ ಕೂಡಿದ್ದೇ ತಡ, ಮಾರ್ಚಿನಲ್ಲಿ ಇಂಡಿಯನ್ ವೆಲ್ಸ್ ಗೆದ್ದರು. ಬೋಪಣ್ಣನ ಜೋರು ಸರ್ವ್, ಎಬ್ಡನ್‌ನ ಚುರುಕು ರಿಟರ್ನ್. ಒಬ್ಬನದ್ದು ಗುಡುಗು, ಇನ್ನೊಬ್ಬನದ್ದು ಸೂಜಿ ದಾರದ ಕೆಲಸ.

ಆ ವರ್ಷದ ಯುಎಸ್ ಓಪನ್ ಫೈನಲ್. ಬೋಪಣ್ಣಗೆ ಪುರುಷರ ಡಬಲ್ಸಿನಲ್ಲಿ ಹದಿಮೂರು ವರ್ಷಗಳ ನಂತರ ಎರಡನೇ ಗ್ರ್ಯಾನ್‌ಸ್ಲಾಂ ಫೈನಲ್. ಮೊದಲ ಸೆಟ್ ಗೆದ್ದು, ಎರಡನೆಯದು ಸೋತು, ಮೂರನೇ ಸೆಟ್ ನಡೆಯುತ್ತಿದ್ದಾಗ ಒಂದು ಚೆಂಡು ಇವರ ತೋಳಿಗೆ ಸೋಕಿ ನೆಟ್ ದಾಟಿತು. ಅಂಪೈರ್ ನೋಡಿರಲಿಲ್ಲ, ಎದುರಾಳಿಗಳು ಕೇಳಿರಲಿಲ್ಲ. ಬೋಪಣ್ಣ ತಾವೇ ಹೋಗಿ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಸೆಟ್ಟನ್ನು 6-4ರಿಂದ ಸೋತರು, ಕಪ್ಪೂ ಹೋಯಿತು. ಅವರ ಪ್ರಾಮಾಣಿಕತೆಯನ್ನು ಎಲ್ಲರೂ ಹೊಗಳಿದರು. ಸರಿಯೇ. ಆದರೆ ಆ ಪಾಯಿಂಟ್ ಬೋಪಣ್ಣ ಒಬ್ಬರದೇ ಆಗಿರಲಿಲ್ಲ. ಎಬ್ಡನ್‌ನದೂ ಆಗಿತ್ತು. ಜೊತೆಗಾರನ ಕಿಸೆಯಿಂದಲೂ ಕೊಡುವ ದಾನ ಅದು. ಮುಂದಿನ ಟೂರ್ನಿಗೂ, ಮುಂದಿನ ವರ್ಷಕ್ಕೂ ಎಬ್ಡನ್ ಜೊತೆಗೇ ಉಳಿದರು. ಆ ಕಡೆಗೆ ಯಾರ ಕ್ಯಾಮೆರಾವೂ ತಿರುಗಲಿಲ್ಲ.

ಹೀಗೆ 2024ರ ಮೆಲ್ಬರ್ನಿಗೆ ಬಂದಾಗ ಅವರು ಎರಡನೇ ಶ್ರೇಯಾಂಕದ ಜೋಡಿ. ಮೊದಲ ಸುತ್ತಿನಲ್ಲೇ ಮನೆಗೆ ಹೋಗುವುದರಲ್ಲಿದ್ದರು. ಇಬ್ಬರು ಸ್ಥಳೀಯ ಹುಡುಗರು ಮೂರನೇ ಸೆಟ್ಟಿನ ಟೈಬ್ರೇಕ್‌ವರೆಗೆ ಎಳೆದರು. ಬುಧವಾರದ ಕ್ವಾರ್ಟರ್‌ಫೈನಲ್‌ನಲ್ಲಿ ಅರ್ಜೆಂಟೀನಾದ ಗೊನ್ಸಾಲೆಸ್ ಮತ್ತು ಮೊಲ್ಟೆನಿ ಅವರನ್ನು ಸೋಲಿಸಿದಾಗ ನಂಬರ್ 1 ಪಟ್ಟ ಖಚಿತವಾಯಿತು. ಗುರುವಾರ ಸೆಮಿಫೈನಲ್, ಚೀನಾದ ಝಾಂಗ್ ಝಿಝೆನ್ ಮತ್ತು ಚೆಕ್‌ನ ತೋಮಾಶ್ ಮಖಾಚ್ ವಿರುದ್ಧ. ಮತ್ತೆ ಮೂರನೇ ಸೆಟ್, ಮತ್ತೆ ಟೈಬ್ರೇಕ್, 10-7. ಅದೇ ಸಂಜೆ ದೆಹಲಿಯಲ್ಲಿ ಪದ್ಮಶ್ರೀ ಪಟ್ಟಿ ಪ್ರಕಟವಾಗಿ ಅದರಲ್ಲೂ ಹೆಸರಿತ್ತು. ಒಂದೇ ವಾರದಲ್ಲಿ ಇಷ್ಟು ಬಂದರೆ ಮನೆಯ ಹಿರಿಯರು ದೃಷ್ಟಿ ತೆಗೆಯುತ್ತಾರೆ.

ಶನಿವಾರದ ಫೈನಲ್ ಅಷ್ಟೇನೂ ನಾಟಕೀಯವಾಗಿರಲಿಲ್ಲ. ಒಂದು ಗಂಟೆ 39 ನಿಮಿಷ. ಒಳ್ಳೆಯ ಡಬಲ್ಸ್ ಪಂದ್ಯ ಬಹಳ ಹೊತ್ತು ಏನೂ ಆಗದಂತೆ ನಡೆಯುತ್ತದೆ. ಸರ್ವ್ ಮಾಡಿದವರು ಗೆಲ್ಲುತ್ತಾರೆ, ಬದಿ ಬದಲಿಸುತ್ತಾರೆ, ಮತ್ತೆ ಸರ್ವ್ ಮಾಡಿದವರು ಗೆಲ್ಲುತ್ತಾರೆ. ಎಲ್ಲೋ ಒಂದು ಕಡೆ ದಾರ ಸಡಿಲವಾಗುತ್ತದೆ. ಮೊದಲ ಸೆಟ್ಟಿನಲ್ಲಿ ಅದು ಟೈಬ್ರೇಕಿನಲ್ಲಾಯಿತು, ಏಳಕ್ಕೆ ಸೊನ್ನೆ. ಎರಡನೆಯದರಲ್ಲಿ 5-5ರ ಹಂತದಲ್ಲಿ ಇಟಲಿಯವರ ಸರ್ವ್ ಮುರಿಯಿತು. ಮುಂದಿನ ಗೇಮನ್ನು ಉಳಿಸಿಕೊಂಡರೆ ಸಾಕಿತ್ತು. ಉಳಿಸಿಕೊಂಡರು.

ಬಹುಮಾನದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಆ ವರ್ಷ ಸಿಂಗಲ್ಸ್ ಗೆದ್ದವರಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7.3 ಲಕ್ಷ, ಇಬ್ಬರಿಗೂ ಸೇರಿ. ಪಾಲು ಮಾಡಿದರೆ ಒಬ್ಬೊಬ್ಬರಿಗೆ 3.65 ಲಕ್ಷ. ಸಿಂಗಲ್ಸಿನ ನಾಲ್ಕನೇ ಸುತ್ತಿನಲ್ಲಿ ಸೋತು ಹೋದವನಿಗೆ ಸಿಕ್ಕಿದ್ದು 3.75 ಲಕ್ಷ. ಅಂದರೆ ಡಬಲ್ಸ್ ಚಾಂಪಿಯನ್ನಿನ ಬೆಲೆ ಕ್ವಾರ್ಟರ್‌ಫೈನಲ್ ಕೂಡ ಮುಟ್ಟದವನಿಗಿಂತ ತುಸು ಕಡಿಮೆ. ಜನ ನೋಡುವುದು ಸಿಂಗಲ್ಸನ್ನು, ಟಿಕೆಟ್ ಮಾರುವುದು ಸಿಂಗಲ್ಸ್, ಹಾಗಾಗಿ ಇದು ನ್ಯಾಯವೇ ಎನ್ನುವವರಿದ್ದಾರೆ. ಆದರೆ ನಗರದ ಕ್ಲಬ್ಬುಗಳಲ್ಲಿ ಭಾನುವಾರ ಆಡುವವರನ್ನು ನೋಡಿದರೆ ನಲವತ್ತು ದಾಟಿದವರಲ್ಲಿ ಹೆಚ್ಚಿನವರು ಆಡುವುದು ಡಬಲ್ಸ್. ತಾವೇ ಆಡುವ ಆಟವನ್ನು ಜನ ಏಕೆ ನೋಡುವುದಿಲ್ಲ ಎಂಬುದಕ್ಕೆ ಯಾರೂ ನೆಟ್ಟಗಿನ ಉತ್ತರ ಕೊಟ್ಟಿಲ್ಲ. ತೋರಿಸಿದರೆ ತಾನೆ ನೋಡುವುದು?

2025ರಲ್ಲಿ ಯುಎಸ್ ಓಪನ್‌ನವರು ಮಿಶ್ರ ಡಬಲ್ಸನ್ನು ಬದಲಿಸಿಯೇ ಬಿಟ್ಟರು. ಮುಖ್ಯ ಟೂರ್ನಿಗೆ ಮೊದಲೇ ಎರಡು ದಿನದ ಆಟ, ಹದಿನಾರೇ ಜೋಡಿ, ಬಹುತೇಕ ಸಿಂಗಲ್ಸ್ ತಾರೆಯರು, ಗೆದ್ದವರಿಗೆ ಹತ್ತು ಲಕ್ಷ ಡಾಲರ್. ಡಬಲ್ಸನ್ನೇ ಕಸುಬು ಮಾಡಿಕೊಂಡವರು ಹೊರಗೆ. ಹಿಂದಿನ ವರ್ಷ ಗೆದ್ದಿದ್ದ ಇಟಲಿಯ ಸಾರಾ ಎರಾನಿ ಮತ್ತು ವಾವಸ್ಸೋರಿ ಜೋಡಿ ಇದನ್ನು ಬಹಿರಂಗವಾಗಿಯೇ ಟೀಕಿಸಿತ್ತು. ಅವರಿಗೆ ವೈಲ್ಡ್ ಕಾರ್ಡ್ ಸಿಕ್ಕಿತು. ತಾರೆಯರ ನಡುವೆ ಆಡಿ, ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು ಸೋಲಿಸಿ ಕಪ್ ಮನೆಗೆ ಒಯ್ದರು. ಮೆಲ್ಬರ್ನಿನಲ್ಲಿ ಬೋಪಣ್ಣ–ಎಬ್ಡನ್ ಎದುರು ಸೋತಿದ್ದ ಅದೇ ವಾವಸ್ಸೋರಿ. ಅಂದು ಸೋತವನು ಈ ಕಸುಬಿನ ಮಾನ ಉಳಿಸಿದ್ದನ್ನು ಬೋಪಣ್ಣನ ಅಭಿಮಾನಿಗಳೂ ಕುಳಿತು ಚಪ್ಪಾಳೆ ತಟ್ಟುತ್ತ ನೋಡಬೇಕಿತ್ತು.

ಮೆಲ್ಬರ್ನಿನ ಗೆಲುವಾದ ಎರಡೇ ತಿಂಗಳಿಗೆ ಈ ಜೋಡಿ ಮಯಾಮಿಯನ್ನೂ ಗೆದ್ದಿತು. ಎಬ್ಡನ್ ಕೂಡ ನಂಬರ್ 1 ಆದರು. ಆಮೇಲೆ ಪ್ಯಾರಿಸ್ ಒಲಿಂಪಿಕ್ಸ್. ಅಲ್ಲಿ ದೇಶಗಳ ಲೆಕ್ಕ, ಜೋಡಿ ಮುರಿಯಲೇಬೇಕು. ಬೋಪಣ್ಣ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋತು, ಭಾರತದ ಪರ ಇದೇ ಕೊನೆಯ ಪಂದ್ಯ ಎಂದರು. ನೆಟ್ಟಿನಾಚೆ ನಿಂತಿದ್ದವರಲ್ಲಿ ಒಬ್ಬರು ವಿಂಬಲ್ಡನ್‌ನಲ್ಲಿ ಒಮ್ಮೆ ಇವರ ಪಕ್ಕದಲ್ಲಿ ನಿಂತಿದ್ದ ರೋಜೆ ವಾಸಲೀನ್. ಎಬ್ಡನ್‌ಗೆ ಅದೇ ಪ್ಯಾರಿಸ್‌ನಲ್ಲಿ ಏನೇನೆಲ್ಲ ಆಯಿತು. ಯಾರೋ ಹಿಂದೆ ಸರಿದದ್ದರಿಂದ ಕೊನೆ ಗಳಿಗೆಯಲ್ಲಿ ಸಿಂಗಲ್ಸಿಗೂ ಹೆಸರು ಬಂದು ಜೊಕೊವಿಚ್ ಎದುರು 6-0, 6-1ರಿಂದ ಸೋತರು. ಕೆಲವೇ ದಿನಗಳಲ್ಲಿ ಜಾನ್ ಪೀರ್ಸ್ ಜೊತೆ ಡಬಲ್ಸ್ ಚಿನ್ನ ಗೆದ್ದರು. ವರ್ಷದ ಕೊನೆಗೆ ಬೋಪಣ್ಣ ಮತ್ತು ಎಬ್ಡನ್ ಬೇರೆಯಾದರು. ಜಗಳವೇನಿಲ್ಲ. ಮತ್ತೆ ಸಂಬಂಧ ನೋಡುವ ಕಾಲ ಬಂದಿತ್ತು, ಅಷ್ಟೇ.

2025ರಲ್ಲಿ ಬೋಪಣ್ಣ ಯಾರ್ಯಾರ ಜೊತೆಯೋ ಆಡಿದರು. ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಜಪಾನಿನ ತಕೆರು ಯುಜುಕಿ ಎಂಬ ಹುಡುಗನೊಂದಿಗೆ ಫೈನಲ್‌ವರೆಗೆ ಹೋದರು, ನಲವತ್ತೈದರ ವಯಸ್ಸಿನಲ್ಲಿ. ಕೊನೆಯ ಪಂದ್ಯ ಪ್ಯಾರಿಸ್‌ನಲ್ಲಿ, ಸಿಂಗಲ್ಸಿನವರೆಂದೇ ಹೆಸರಾದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ನವೆಂಬರ್ 1ರಂದು ನಿವೃತ್ತಿಯ ಟಿಪ್ಪಣಿ ಬಂತು. ಕೊಡಗಿನಲ್ಲಿ ಸರ್ವ್ ಗಟ್ಟಿಯಾಗಲೆಂದು ಸೌದೆ ಒಡೆದದ್ದು, ಉಸಿರು ನಿಲ್ಲಲೆಂದು ಕಾಫಿ ತೋಟಗಳಲ್ಲಿ ಓಡಿದ್ದು, ಬಿರುಕು ಬಿಟ್ಟ ಕೋರ್ಟುಗಳಲ್ಲಿ ಆಡಿದ್ದು ಅದರಲ್ಲಿದ್ದವು.

ಕೋಥ್ರೂಡಿನ ಡಾಕ್ಟರು ಈಗ ಹೈದರಾಬಾದಿನಲ್ಲಿದ್ದಾರೆ, ಮಗಳ ಮನೆಯಲ್ಲಿ. ಮೊಮ್ಮಗು ನೋಡಿಕೊಳ್ಳಲು ಹೋದವರು ಅಲ್ಲೇ ಉಳಿದರು. ಮ್ಯಾನೇಜರ್ ಭಾನುವಾರದ ಆಟ ಬಿಟ್ಟಿಲ್ಲ. ಜೊತೆಗೆ ಮೂರನೇ ಮಹಡಿಯ ಮರಾಠಿ ಹುಡುಗ, ಐಟಿಯವನು, ಸರ್ವ್ ಚೆನ್ನಾಗಿದೆ. ನಡುವೆ ಬಂದ ಚೆಂಡನ್ನು ಮ್ಯಾನೇಜರ್ ಇನ್ನೂ ಬಿಟ್ಟುಬಿಡುತ್ತಾರೆ.

“ಕಾಕಾ, ತೋ ತುಮಚಾ ಹೋತಾ!” ಎನ್ನುತ್ತಾನೆ ಹುಡುಗ.

“ಹೌದಪಾ, ನಂದಽ ಇತ್ತು,” ಎಂದು ಧಾರವಾಡದ ಕನ್ನಡದಲ್ಲೇ ಹೇಳಿ, ಅವನ ಕೈಗೆ ಕೈ ತಾಗಿಸಿ, ಮುಂದಿನ ಪಾಯಿಂಟಿಗೆ ನಿಲ್ಲುತ್ತಾರೆ.